ನಮ್ಮ ಮನೆಯಲ್ಲಿ ಅಂಕಿ ಹೇಳುವುದಿಲ್ಲ

ನಮ್ಮ ಮನೆಗೆ ಹೊಸಬರು ಊಟಕ್ಕೆ ಬಂದರೆ ಅವರಿಗೆ ಮೊದಲು ವಿಚಿತ್ರ ಅನ್ನಿಸುವುದು ನನ್ನ ಮಾತು. ರೊಟ್ಟಿ ಎಷ್ಟು ಹಾಕಲಿ ಎಂದು ನಾನು ಕೇಳುವುದಿಲ್ಲ. ಇನ್ನೂ ಹಾಕಲಾ, ಸಾಕಾ, ಅಷ್ಟೇ. ಗಂಟೆ ಎಷ್ಟಾಯಿತು ಎಂದರೆ ಗೋಡೆಯ ಗಡಿಯಾರದ ಕಡೆ ಕೈ ತೋರಿಸುತ್ತೇನೆ. ಮಗಳ ವಯಸ್ಸು ಕೇಳಿದರೆ ಡಿಗ್ರಿ ಓದುತ್ತಿದ್ದಾಳೆ ಎನ್ನುತ್ತೇನೆ. ನನಗೆ ಲೆಕ್ಕ ಬರುವುದಿಲ್ಲವೆಂದು ಕೆಲವರು ತಿಳಿದುಕೊಂಡಿದ್ದಾರೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಮದುವೆಯಾಗಿ ರಾಯದುರ್ಗಕ್ಕೆ ಬಂದಾಗಿನಿಂದ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದೇನೆ. ಕಟ್ಟಿನಲ್ಲಿ ಒಂದು ಪೀಸು ಕಡಿಮೆಯಿದ್ದರೂ ಎತ್ತಿ ಹಿಡಿದಾಗಲೇ ನನ್ನ ಕೈಗೆ ತಿಳಿಯುತ್ತದೆ. ಆದರೆ ಮನೆಯೊಳಗೆ ಬಾಯಿಬಿಟ್ಟು ಅಂಕಿ ಹೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆನೆಂದು ಹೇಳಬೇಕಾದರೆ ಮಟ್ಕಾದ ವಿಷಯ ಹೇಳಬೇಕಾಗುತ್ತದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ದಿನಾ ಎಲ್ಲಿಂದಲೋ ಎರಡಂಕಿಯ ಒಂದು ನಂಬರು ಬರುತ್ತದೆ. ಅದನ್ನು ಮೊದಲೇ ಊಹಿಸಿ ಚೀಟಿ ಬರೆಸಿದವನು ಗೆದ್ದ, ಉಳಿದವರೆಲ್ಲ ಸೋತರು. ಆ ನಂಬರನ್ನು ಯಾರು ಎತ್ತುತ್ತಾರೆ, ಎಲ್ಲಿ ಕೂತು ಎತ್ತುತ್ತಾರೆ ಎಂದು ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕೇಳಿದರೆ ನನ್ನನ್ನೇ ದಡ್ಡಿ ಎನ್ನುವ ಹಾಗೆ ನೋಡುತ್ತಾರೆ. ಪೊಲೀಸರು ಆಗಾಗ ಬಂದು ಚೀಟಿ ಬರೆಯುವವರನ್ನು ಹಿಡಿದುಕೊಂಡು ಹೋಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಅದೇ ಟೀ ಅಂಗಡಿಯ ಬೆಂಚಿನ ಮೇಲೆ ಅದೇ ಜನ ಮತ್ತೆ ಕೂತಿರುತ್ತಾರೆ.

ಜೂಜಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪಾಪ, ಬಡವರು, ಏನೋ ಆಸೆ ಎಂದು ಮರುಗುವವರಿದ್ದಾರೆ. ಮರುಗಲಿ, ಅವರ ಮನೆಯಲ್ಲಿ ಯಾರೂ ಆಡುವವರಿರಲಿಕ್ಕಿಲ್ಲ. ಸೋತು ಬಂದವನ ಮುಖವನ್ನು ನಾನು ಹೇಗೋ ಸಹಿಸುತ್ತೇನೆ. ನಾನು ಸಹಿಸಲಾರದ್ದು ಅವತ್ತಿನ ಚೀಟಿ ಇನ್ನೂ ಬರೆಸದೆ ಇರುವವನ ಮುಖ. ಎದುರಿಗೆ ಕೂತಿರುತ್ತಾನೆ, ಹೂಂ ಹೂಂ ಎಂದು ತಲೆಯಾಡಿಸುತ್ತಾನೆ, ನೀವು ಹೇಳಿದ ಕಷ್ಟಕ್ಕೆ ಅಯ್ಯೋ ಎನ್ನುತ್ತಾನೆ. ಆದರೆ ಅವನು ನಿಮ್ಮ ಮಾತು ಕೇಳುತ್ತಿರುವುದಿಲ್ಲ, ಮಾತಿನೊಳಗೆ ಅಂಕಿ ಹುಡುಕುತ್ತಿರುತ್ತಾನೆ. ಆ ಮುಖ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದು ನನ್ನ ಗಂಡನ ಮುಖವಾಗಿತ್ತು.

ನಾನು ಹುಟ್ಟಿದ್ದು ಮಡಕಶಿರಾದ ಕಡೆ, ರೊಳ್ಳದ ಹತ್ತಿರ. ಮನೆಯಲ್ಲಿ ಹಿಪ್ಪುನೇರಳೆ ತೋಟವಿತ್ತು, ರೇಷ್ಮೆಹುಳು ಸಾಕುತ್ತಿದ್ದೆವು. ಒಂದು ಬೆಳೆಯ ಗೂಡು ಮಾರಿದ ದುಡ್ಡಿನಲ್ಲಿ ನಮ್ಮಮ್ಮ ನನ್ನ ಮದುವೆಗೆ ಹೊಲಿಗೆ ಮಿಷನ್ ಕೊಡಿಸಿದ್ದಳು. ಅಪ್ಪನಿಗೆ ಜೂಜೆಂದರೆ ಹೇಸಿಗೆ. ಅವನು ಜೀವನದಲ್ಲಿ ಒಂದೇ ಒಂದು ಸಲ ಲಾಟರಿ ಟಿಕೆಟ್ ಕೊಂಡಿದ್ದ, ಅದೂ ಸಿರಾದ ಬಸ್‌ಸ್ಟ್ಯಾಂಡಿನಲ್ಲಿ, ಮಾರುವವಳೊಬ್ಬಳು ಬೆನ್ನು ಬಿಡದೆ ಕಾಡಿದಳೆಂದು. ಆಗಿನ್ನೂ ಆ ಕಡೆ ಲಾಟರಿ ನಿಂತಿರಲಿಲ್ಲ. ತಂದವನು ಅದನ್ನು ಮಡಚಿ ದೇವರ ಗೂಡಿನಲ್ಲಿ ಪಂಚಾಂಗದ ಕೆಳಗೆ ಇಟ್ಟ. ಪೇಪರಿನಲ್ಲಿ ಫಲಿತಾಂಶ ಬಂದ ದಿನ ಅಮ್ಮ ನೋಡೆಂದು ಎಷ್ಟು ಹೇಳಿದರೂ ನೋಡಲಿಲ್ಲ.

"ನೋಡುದ್ರೆ ತಾನೆ ಹೋಯ್ತು ಅನ್ಸೋದು? ಬಿಡತ್ಲಾಗೆ" ಎಂದುಬಿಟ್ಟ.

ಅಮ್ಮ ಆಮೇಲೆ ವರ್ಷಗಟ್ಟಲೆ ಅವನನ್ನು ಲಕ್ಷಾಧೀಶ್ವರ ಎಂದು ರೇಗಿಸುತ್ತಿದ್ದಳು. ಮನೆಯಲ್ಲಿ ಒಲೆ ಹೊಗೆಯಾಡಿದರೂ, ಸೂರು ಸೋರಿದರೂ "ನಮ್ಮ ಲಕ್ಷಾಧೀಶ್ವರರನ್ನ ಕೇಳಿ" ಎನ್ನುವಳು. ಅಪ್ಪ ನಗುತ್ತಿದ್ದ. ಟಿಕೆಟ್ಟನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ.

ಅಂಥವನ ಮಗಳು ನಾನು. ಮದುವೆಯಾದ ಕೆಲವು ವರ್ಷಗಳಿಗೆ, ಒಂದು ದಿನ ಸಂತೆಯಿಂದ ಬಂದು ನೋಡುತ್ತೇನೆ, ಹೊಲಿಗೆ ಮಿಷನ್ನಿನ ಜಾಗ ಖಾಲಿ. ನೆಲದ ಮೇಲೆ ಅದರ ಕಾಲಿನ ಗುರುತು ಮಾತ್ರ ಇತ್ತು. ನಮ್ಮ ಮನೆಯವರು ಬಾಗಿಲ ಹತ್ತಿರ ಕೂತಿದ್ದರು, ತಲೆಯೆತ್ತಲಿಲ್ಲ. ನಾನು ಕೂಗಾಡಲಿಲ್ಲ, ಅಳಲೂ ಇಲ್ಲ. "ಎಷ್ಟು ದಿನದಿಂದ?" ಎಂದು ಮಾತ್ರ ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಮಿಷನ್ ಹೋದದ್ದಕ್ಕಿಂತ ಆ ಉತ್ತರ ಬಾರದೇ ಹೋದದ್ದು ನನ್ನನ್ನು ಹೆಚ್ಚು ಸುಟ್ಟಿತು. ನನ್ನ ಜೊತೆ ಉಂಡು, ನಕ್ಕು, ಮಗಳನ್ನು ಎತ್ತಿ ಆಡಿಸಿದ ದಿನಗಳಲ್ಲಿ ಯಾವುದು ನಿಜ, ಯಾವುದು ಬರೀ ತಲೆಯಾಡಿಸಿದ್ದು ಎಂದು ತಿಳಿಯದೆ ಹೋಯಿತು.

ಸುದ್ದಿ ತಿಳಿದು ಅಪ್ಪ ಮಡಕಶಿರಾದಿಂದ ಬಂದ. ಅಳಿಯನಿಗೆ ಬೈಯಲಿಲ್ಲ. ಆಂಜನೇಯನ ಗುಡಿಗೆ ಕರೆದುಕೊಂಡು ಹೋಗಿ, ಅವರ ಅಂಗೈ ಮೇಲೆ ಕರ್ಪೂರ ಇಟ್ಟು ಹಚ್ಚಿ, ಅದನ್ನು ಅದೇ ಕೈಯಲ್ಲಿ ಹಿಸುಕಿ ಆರಿಸು ಎಂದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಕರ್ಪೂರ ಆರಿಸಿ ಮಾತು ತಪ್ಪಿದವನ ಮನೆ ದೀಪ ಆರುತ್ತದೆಂದು ಎಲ್ಲರೂ ನಂಬುತ್ತಾರೆ. ನಮ್ಮ ಮನೆಯವರು ಆರಿಸಿದರು. ಅಂಗೈಯಲ್ಲಿ ಕಲೆ ಈಗಲೂ ಇದೆ. ಆಮೇಲೆ ಪ್ಯಾಂಟಿನ ಗಂಟುಗಳನ್ನು ಗೂಡ್ಸ್ ಆಟೋದಲ್ಲಿ ಸಾಗಿಸುವ ಕೆಲಸಕ್ಕೆ ಸೇರಿದರು, ಟೀ ಅಂಗಡಿಯ ಬೆಂಚು ತಪ್ಪಿಸಲು ಬೇರೆ ಬೀದಿಯಲ್ಲಿ ಸುತ್ತಿ ಬರತೊಡಗಿದರು. ಒಂದೆರಡು ವರ್ಷದಲ್ಲಿ ಬೇರೆ ಮಿಷನ್ನೂ ಬಂತು. ಅವರ ಜೇಬು ನೋಡುವುದನ್ನು ನಾನು ನಿಲ್ಲಿಸಿದೆ. ಮುಖ ನೋಡುವುದನ್ನು ನಿಲ್ಲಿಸಲಿಲ್ಲ.

ಹೀಗೆ ಎಲ್ಲ ಸರಿಹೋಗಿದ್ದಾಗ ನನ್ನ ಕನಸು ಬಂದು ಕೆಡಿಸಿತು.

ಅಮ್ಮ ತೀರಿಕೊಂಡ ಮೇಲೆ ನನ್ನ ಕನಸಿನಲ್ಲಿ ಆಗಾಗ ಬರುತ್ತಾಳೆ. ಬೆಳಿಗ್ಗೆ ಟೀ ಕುಡಿಯುತ್ತಾ ಅದನ್ನು ಹೇಳುವುದು, ನಮ್ಮ ಮನೆಯವರು ಕೇಳುವುದು ರೂಢಿಯಾಗಿತ್ತು. "ಏನಂದಳು ನಿಮ್ಮವ್ವ? ನನ್ನ ಬೈದಳೇನು?" ಎಂದು ಅವರು ನಗಿಸುತ್ತಿದ್ದರು. ಒಂದು ದಿನ ಅವರು ಬೇಗ ಕೆಲಸಕ್ಕೆ ಹೋಗಿದ್ದರು. ಹೊಟ್ಟೆಯಲ್ಲಿ ಮಾತು ನಿಲ್ಲದೆ, ನಾನು ಹೊಲಿದ ಪ್ಯಾಂಟುಗಳ ದಾರ ಕತ್ತರಿಸಲು ಬರುವ ಎದುರುಮನೆಯ ಅಕ್ಕನಿಗೆ ಹೇಳಿದೆ. ಅಮ್ಮ ನಮ್ಮ ಹಳೆಯ ಮನೆಯ ಮುಂದೆ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆಗಳನ್ನು, ಬಿಸಿಲಿಗೆ ಒರಗಿಸುತ್ತಿದ್ದಳು, ಈ ಕಡೆ ನಾಲ್ಕು, ಆ ಕಡೆ ಏಳು, ಏನು ಕೇಳಿದರೂ ಮಾತಾಡಲಿಲ್ಲ ಎಂದೆ. ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಅಕ್ಕ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಒರೆಸಿ, ಕತ್ತರಿ ಕೆಳಗಿಟ್ಟು, ಮನೆಗೆ ಹೋಗಿ ಬರುತ್ತೇನೆಂದು ಎದ್ದು ಹೋದಳು.

ಅವತ್ತು ನಾಲ್ಕು ಏಳೇ ಬಂತು.

ಸಂಜೆ ಅಕ್ಕ ಜಿಲೇಬಿ ಪೊಟ್ಟಣ ಹಿಡಿದು ಬಂದು ನನ್ನ ಕಾಲಿಗೆ ಬೀಳಲು ಹೋದಳು. "ನಿನ್ನ ಬಾಯಾಗ ದೇವ್ರು ಅದಾನವ್ವಾ" ಎಂದಳು. ನಮ್ಮಮ್ಮ ಸತ್ತ ಮೇಲೆ ಬಂದು ಮುಖ ತೋರಿಸಿದ್ದನ್ನು ಇವಳು ಒಯ್ದು ಚೀಟಿ ಬರೆಸಿದ್ದಳು. ನಾನು ಆ ಜಿಲೇಬಿಯನ್ನು ಬೀದಿಗೆ ಎಸೆದೆ. ಎಸೆದದ್ದೂ ತಪ್ಪಾಯಿತು. ಬಿದ್ದ ಜಿಲೇಬಿ ಎಷ್ಟೆಂದು ಎಣಿಸಿಕೊಂಡು ಹೋದವರಿದ್ದರು.

ಅವತ್ತಿನಿಂದ ನನಗೆ ಬಿಡುಗಡೆಯಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದರೆ ಯಾರಾದರೊಬ್ಬರು ನಿಂತಿರುತ್ತಿದ್ದರು. "ಏನ್ ಕನಸು ಬಿದ್ದಿತ್ರಿ ಅಕ್ಕಾರ? ಸುಮ್ನ ಹೇಳ್ರಿ, ನಾವೇನ್ ಆಡಂಗಿಲ್ಲ" ಎನ್ನುವವರು ಕೆಲವರು. ಚೀಟಿ ಬರೆಯುವವನೇ ಒಂದು ದಿನ ಬೈಕು ನಿಲ್ಲಿಸಿ, "ಅಕ್ಕಾ, ಏಮನ್ನಾ ಕಲ ವಚ್ಚಿಂದಾ?" ಎಂದು ತೆಲುಗಿನಲ್ಲಿ ಕೇಳಿದ, ಕನಸೇನಾದರೂ ಬಿತ್ತಾ ಎಂದು, ಹಾಲಿನವನು ಹಾಲು ಬೇಕಾ ಎಂದು ಕೇಳಿದಷ್ಟು ಸಲೀಸಾಗಿ. ಬೈದೆ. ಎಷ್ಟು ಸಲ ಬೈದಳು ಎನ್ನುವುದೇ ಅವತ್ತು ಬೀದಿಯವರು ಚೀಟಿ ಬರೆಸಿದ ನಂಬರಾಯಿತು. ಇನ್ನು ಬೈಯುವುದಿಲ್ಲವೆಂದು ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಎದುರುಮನೆ ಅಕ್ಕ ಬೀದಿಯವರಿಗೆ ಅರ್ಥ ಬಿಡಿಸಿ ಹೇಳಿದ್ದು ನನಗೆ ಒಳಗೇ ಕೇಳಿಸಿತು.

"ಮಾತಾಡಲಿಲ್ಲ ಅಂದ್ರ ಸೊನ್ನಿ. ಸೊನ್ನಿ ಹಿಡ್ರಿ ಇವತ್ತು."

ಸೊನ್ನೆ ಬಂದರೆ ನನ್ನ ಮಹಿಮೆ, ಬಾರದಿದ್ದರೆ ಅರ್ಥ ಬಿಡಿಸಿದವರ ತಪ್ಪು. ನಾನು ಯಾವ ರೀತಿಯಲ್ಲೂ ಸೋಲುವ ಹಾಗಿರಲಿಲ್ಲ. ಹೀಗೆ ಗೆಲ್ಲುವುದಕ್ಕಿಂತ ದೊಡ್ಡ ಜೈಲು ಇನ್ನೊಂದಿಲ್ಲ. ಬೇರೆ ಬೀದಿಗೆ ಮನೆ ಬದಲಿಸೋಣ ಎಂದುಕೊಂಡೆ, ಆದರೆ ಅಲ್ಲಿಯೂ ಚೀಟಿ ಬರೆಯುವವರಿದ್ದರು.

ಇಷ್ಟನ್ನೂ ಸಹಿಸುತ್ತಿದ್ದೆ. ಸಹಿಸಲಾಗದ ದಿನ ಬಂದದ್ದು ನಮ್ಮ ಮನೆಯೊಳಗೇ. ಟೀ ಕುಡಿಯುತ್ತಾ, ಅಮ್ಮ ಮತ್ತೆ ಬಂದಿದ್ದಳು, ಮುಂದೆ ಹುಳು ಇಟ್ಟುಕೊಂಡು ಕೂತಿದ್ದಳು ಎಂದೆ. ನಮ್ಮ ಮನೆಯವರು ಲೋಟ ಕೆಳಗಿಟ್ಟರು.

"ಎಷ್ಟು ಹುಳ?" ಎಂದರು.

ಅಷ್ಟೇ. ಅದು ಬರೀ ಮಾತಿಗೆ ಕೇಳಿದ್ದೂ ಇರಬಹುದು. ಆದರೆ ನನಗೆ ನೆಲದ ಮೇಲಿನ ಮಿಷನ್ನಿನ ಗುರುತು ಕಣ್ಮುಂದೆ ಬಂತು. ಅವರಿಗೂ ತಾವು ಏನು ಕೇಳಿದೆವೆಂದು ಹೊಳೆದಿರಬೇಕು, ಚಪ್ಪಲಿ ಮೆಟ್ಟಿ ಹೊರಟುಹೋದರು. ಅವತ್ತಿಗೆ ಕನಸು ಹೇಳುವುದು ಮುಗಿಯಿತು, ಅಂಕಿ ಹೇಳುವುದೂ ಮುಗಿಯಿತು. ಒಬ್ಬ ಮನುಷ್ಯ ಕರ್ಪೂರ ಆರಿಸಿ ನಿಲ್ಲಿಸಿದ್ದನ್ನು ನನ್ನ ಬಾಯಿಯೇ ಮತ್ತೆ ಹಚ್ಚಬಾರದಲ್ಲ. ಅಮ್ಮ ಕನಸಿನಲ್ಲಿ ಬರುತ್ತಲೇ ಇದ್ದಳು. ನಾನು ಎದ್ದು, ಅವಳನ್ನು ಒಳಗೇ ನುಂಗಿಕೊಂಡು, ಟೀ ಕಾಸುತ್ತಿದ್ದೆ. ಬೆಳಗಿನ ಟೀ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಮಾತೇ ಇಲ್ಲವಾಯಿತು.

ಆದರೆ ಸಿಟ್ಟು ಎಲ್ಲಿ ಹೋಗಬೇಕು? ಈ ಬೀದಿಯವರಿಗೆ ಬುದ್ಧಿ ಕಲಿಸಬೇಕೆಂದು ಹಟ ಬಂತು. ನಾವು ಹೊಲಿಯುವ ಹೆಂಗಸರದ್ದೊಂದು ವಾಟ್ಸಾಪ್ ಗ್ರೂಪಿದೆ. ಯಾರ ಕೆಲಸ ಮುಗಿಯಿತು, ಯಾರಿಗೆ ದಾರ ಬೇಕು ಎನ್ನುವುದರ ನಡುವೆ ಎದುರುಮನೆ ಅಕ್ಕ ಅವತ್ತಿನ ನಂಬರನ್ನೂ ಹಾಕುತ್ತಾಳೆ. ನಾನು ಪ್ಯಾಂಟಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡು ಸಾಲು ಹಾಕಿದೆ. ಒಂದರಲ್ಲಿ ನನ್ನ ಕನಸಿನಲ್ಲಿ ಕಂಡದ್ದು, ಇನ್ನೊಂದರಲ್ಲಿ ಬಂದ ನಂಬರು. ಒಂದು ದಿನ ಇದನ್ನು ಎಲ್ಲರ ಮುಖಕ್ಕೆ ಹಿಡಿದು, ನೋಡಿ, ಒಂದಾದರೂ ಸರಿಯಿದೆಯಾ, ದಡ್ಡರಾ ಎಂದು ಕೇಳುವುದು ನನ್ನ ಆಸೆ. ದಿನಾ ತಪ್ಪಾಗುತ್ತಿತ್ತು, ದಿನಾ ನನಗೆ ಖುಷಿಯಾಗುತ್ತಿತ್ತು.

ಒಂದು ದಿನ ಸರಿಯಾಯಿತು.

ಅದನ್ನು ಬರೆದೆ, ಯಾರಿಗೂ ಹೇಳಲಿಲ್ಲ. ಆದರೆ ಎದೆ ಹೊಡೆದುಕೊಂಡ ರೀತಿ ಸಿಟ್ಟಿನದಾಗಿರಲಿಲ್ಲ. ಅವತ್ತಿನಿಂದ ನೋಟ್‌ಬುಕ್ಕನ್ನು ಯಾರಿಗಾದರೂ ತೋರಿಸುವ ಮಾತೇ ಬರಲಿಲ್ಲ. ಅದನ್ನು ಬಟ್ಟೆಯ ಗಂಟಿನ ಕೆಳಗೆ ಇಡತೊಡಗಿದೆ. ನಂಬರು ಬರುವ ಹೊತ್ತಿಗೆ ಕಾಲು ಪೆಡಲಿನ ಮೇಲೆ ತಾನಾಗಿ ನಿಧಾನವಾಗುತ್ತಿತ್ತು. ಆಡುವುದಿಲ್ಲವಲ್ಲ, ನೋಡುವುದರಲ್ಲೇನಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ರೂಪಾಯಿಯನ್ನೂ ಹಾಕಿದವಳಲ್ಲ ನಾನು, ಇವತ್ತಿನವರೆಗೂ. ಇದನ್ನು ಯಾವ ಗುಡಿಯಲ್ಲಿ ಬೇಕಾದರೂ ಹೇಳುತ್ತೇನೆ.

ಈ ವರ್ಷ ಕಡಲೆಕಾಯಿ ಕೀಳುವ ಹೊತ್ತಿಗೆ ತವರಿನಿಂದ ನನ್ನ ತಮ್ಮ ಫೋನ್ ಮಾಡಿದ. ಅಪ್ಪನಿಗೆ ಉಸಿರು ಕಟ್ಟುತ್ತಿದೆ, ಮಡಕಶಿರಾದಲ್ಲಿ ಆಸ್ಪತ್ರೆಗೆ ಸೇರಿಸಿದ್ದೇವೆ, ಬಾ ಎಂದ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಹೋದೆ. ಅಪ್ಪ ಆಕ್ಸಿಜನ್ ಹಾಕಿಕೊಂಡು ಮಲಗಿದ್ದ, ನನ್ನನ್ನು ನೋಡಿ ಬೆರಳು ಎತ್ತಿದ. ಅವನ ತಲೆಯ ಮೇಲಿನ ಗೋಡೆಯಲ್ಲಿ ಕಪ್ಪು ಬಣ್ಣದಲ್ಲಿ ದಪ್ಪಗೆ ಇಪ್ಪತ್ತಾರು ಎಂದು ಬರೆದಿತ್ತು. ನಾನು ಮೊದಲು ನೋಡಿದ್ದು ಅಪ್ಪನ ಮುಖವನ್ನೋ ಆ ಅಂಕಿಯನ್ನೋ ಎಂದು ಕೇಳಿದರೆ, ಮುಖವನ್ನೇ ಎಂದು ಹೇಳಲು ನನಗೆ ಧೈರ್ಯ ಸಾಲದು.

ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಫೋನ್ ಮಾಡಿ ಬಸ್ಸು ಹತ್ತುತ್ತಿದ್ದೇನೆ ಎಂದರು.

"ಯಾವ ವಾರ್ಡು?"

"ಗಂಡಸರದ್ದು. ಮೆಟ್ಲು ಹತ್ತಿದ ಕೂಡ್ಲೆ."

"ಬೆಡ್ ನಂಬರ್..." ಎಂದು ಶುರುಮಾಡಿದವರು ಅರ್ಧಕ್ಕೇ ನಿಂತರು. "ಬ್ಯಾಡ, ಹೇಳಬ್ಯಾಡ ಬಿಡು. ನಾನ ಬಂದು ಹುಡುಕ್ತೀನಿ" ಎಂದು ಫೋನ್ ಇಟ್ಟರು.

ನನಗೆ ಅದು ಸಮಾಧಾನ ತರಬೇಕಿತ್ತು. ತರಲಿಲ್ಲ. ನನ್ನನ್ನು ಬಿಟ್ಟು ತಮ್ಮನನ್ನು ಕೇಳಿರುತ್ತಾರೆ, ನಂಬರು ಗೊತ್ತುಮಾಡಿಕೊಂಡೇ ಇಷ್ಟು ಸಂಭಾವಿತರಾಗಿ ಮಾತಾಡಿದ್ದು ಎಂದುಕೊಂಡೆ. ತಮ್ಮ ಊಟಕ್ಕೆ ಹೊರಟಾಗ, ನಿಮ್ಮ ಭಾವ ಫೋನ್ ಮಾಡಿದ್ದರಾ ಎಂದು ವಿಚಾರಿಸಿದೆ. ಇಲ್ಲವಲ್ಲ ಎಂದ. ಅದನ್ನೂ ನಾನು ನಂಬಲಿಲ್ಲ.

ಮಧ್ಯಾಹ್ನ ಅವರು ಬಂದರು. ನಾನು ಕೂತಲ್ಲಿಂದಲೇ ನೋಡಿದೆ. ಬಾಗಿಲ ಹತ್ತಿರದ ಮೊದಲ ಹಾಸಿಗೆಯಿಂದ ಶುರುಮಾಡಿ, ಒಬ್ಬೊಬ್ಬರ ಮುಖಕ್ಕೂ ಬಗ್ಗಿ, "ಮಾವಾ?" ಎಂದು ಮೆಲ್ಲಗೆ ಕರೆಯುತ್ತಾ ಬರುತ್ತಿದ್ದರು. ಯಾರೋ ಒಬ್ಬ ಮುದುಕ ನಿದ್ದೆಗಣ್ಣಿನಲ್ಲಿ ಹೂಂ ಎಂದ, ಅವನ ಹೊದಿಕೆ ಸರಿಮಾಡಿ ಮುಂದೆ ಬಂದರು. ಗೋಡೆಯ ಕಡೆ ಕಣ್ಣೆತ್ತಲಿಲ್ಲ. ಆ ಮನುಷ್ಯ ಅಂಕಿಯ ಕಡೆ ನೋಡದೆ ಒಂದು ವಾರ್ಡು ಪೂರ್ತಿ ದಾಟಿ ಬಂದರು. ಇಷ್ಟು ವರ್ಷ ನಾನು ಯಾರನ್ನು ಕಾವಲು ಕಾಯುತ್ತಿದ್ದೆ ಎಂದು ನನ್ನನ್ನೇ ಕೇಳಿಕೊಂಡೆ. ಅಪ್ಪನ ಪಾದ ಮುಟ್ಟಿ, ನನ್ನ ಪಕ್ಕದಲ್ಲಿ ಕೂತು, ರಾಯದುರ್ಗದಿಂದ ಕಾಗದದಲ್ಲಿ ಕಟ್ಟಿಸಿ ತಂದಿದ್ದ ಮಂಡಕ್ಕಿ ಒಗ್ಗರಣೆ ಬಿಚ್ಚಿದರು.

"ಏನೂ ತಿಂದಿರಂಗಿಲ್ಲ ನೀನು. ತಿನ್ನು ಮೊದಲು" ಎಂದರು.

ಆಗ ನನ್ನ ಫೋನು ಸದ್ದು ಮಾಡಿತು. ಹೊಲಿಗೆಯವರ ಗ್ರೂಪು. ನೋಡಬಾರದಿತ್ತು. ಟಿಕೆಟ್ಟನ್ನು ಪಂಚಾಂಗದ ಕೆಳಗೆ ಇಟ್ಟು ಆಯುಷ್ಯವಿಡೀ ಫಲಿತಾಂಶ ನೋಡದೆ ಇದ್ದವನು ಅಪ್ಪ, ಅವನ ತಲೆದಿಂಬಿನ ಪಕ್ಕದಲ್ಲಿ ಕೂತು ಅವನ ಮಗಳು ನೋಡಿದಳು.

ಇಪ್ಪತ್ತಾರು.

ನನಗೆ ಮೊದಲು ಬಂದದ್ದು ಭಯವಲ್ಲ, ಆಶ್ಚರ್ಯವೂ ಅಲ್ಲ. ನಿನ್ನೆಯಿಂದ ಗೋಡೆಯ ಮೇಲೆ ನನಗೆಂದೇ ಬರೆದಿಟ್ಟದ್ದು ಕೈತಪ್ಪಿ ಹೋಯಿತು ಅನ್ನಿಸಿತು. ಯಾವತ್ತೂ ಆಡದವಳು ಆ ಕ್ಷಣ ಸೋತುಹೋದೆ. ಸೋತ ಸಿಟ್ಟು ಪಕ್ಕದಲ್ಲಿ ಮಂಡಕ್ಕಿ ಹಿಡಿದು ಕೂತವರ ಮೇಲೆ ತಿರುಗಿತು, ನಾನು ತಡೆಯುವಷ್ಟರಲ್ಲಿ ನನ್ನ ತವರಿನ ಮಾತಿನಲ್ಲೇ ಬಾಯಿಂದ ಬಂದುಬಿಟ್ಟಿತು.

"ಯಾಕೆ ಕೇಳ್ಲಿಲ್ಲ ನೀವು? ಬೆಡ್ ನಂಬರ್ ಕೇಳ್ಬಾರ್ದಾಗಿತ್ತಾ ಬೆಳಿಗ್ಗೆ?"

ಅವರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ನನ್ನ ಕೈಯಲ್ಲಿದ್ದ ಫೋನು ನೋಡಿದರು. ಆಮೇಲೆ, ಬಂದಾಗಿನಿಂದ ಮೊದಲ ಸಲ, ತಲೆಯೆತ್ತಿ ಗೋಡೆ ನೋಡಿದರು. ಮಂಡಕ್ಕಿಯ ಪೊಟ್ಟಣವನ್ನು ನಿಧಾನವಾಗಿ ಮಡಚಿ, ಕರ್ಪೂರದ ಕಲೆಯಿದ್ದ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅಪ್ಪ ಕಣ್ಣು ಬಿಟ್ಟು ನಮ್ಮಿಬ್ಬರನ್ನೂ ನೋಡುತ್ತಿದ್ದ.

"ಎಷ್ಟು ದಿನದಿಂದ?" ಎಂದು ನಮ್ಮ ಮನೆಯವರು ಕೇಳಿದರು.

ಮಿಷನ್ ಹೋದ ದಿನ ನಾನು ಕೇಳಿದ್ದೂ ಅದನ್ನೇ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಉತ್ತರ ಗೊತ್ತಿತ್ತು, ದಿನಕ್ಕೊಂದರಂತೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಹೇಳಲಿಲ್ಲ.